ಉನ್ಮತ್ತನ ಅಪರಾಧವೂ ನ್ಯಾಯಸ್ಥಾನದ ಚಿತ್ತಪರೀಕ್ಷೆಯೂ

೧

ಅಪರಾಧದ ಆರೋಪವನ್ನು ಹೊತ್ತು ನ್ಯಾಯಸ್ಥಾನದ ಮುಂದೆ ನಿಂತ ಮನುಷ್ಯನು ಸ್ವಸ್ಥಚಿತ್ತನೋ ಅಲ್ಲವೋ ಎಂಬ ವಿಚಾರವು ಕೇವಲ ವೈದ್ಯಶಾಸ್ತ್ರಕ್ಕೆ ಸೇರಿದುದೆಂದು ಮೇಲುನೋಟಕ್ಕೆ ತೋರುವುದು. ವಿಮರ್ಶಿಸಿ ನೋಡಿದರೆ ಇದು ಧರ್ಮಶಾಸ್ತ್ರ, ವೈದ್ಯಶಾಸ್ತ್ರ, ಶಬ್ದಶಾಸ್ತ್ರ ಎಂಬ ಮೂರು ವಿದ್ಯೆಗಳು ಕೂಡುವ ಸ್ಥಳವೆಂದು ತಿಳಿದುಬರುತ್ತದೆ. ಚಿತ್ತವು ಕಣ್ಣಿಗೆ ಕಾಣುವ ವಸ್ತುವಲ್ಲ. ಅದರಲ್ಲಿಯೂ ನ್ಯಾಯಾಧೀಶನು ನಿರ್ಣಯಿಸಬೇಕಾದುದು ಕೃತ್ಯವು ನಡೆದುಹೋದ ಗಳಿಗೆಯಲ್ಲಿದ್ದ ಚಿತ್ತದ ಸ್ಥಿತಿಯನ್ನು. ಆ ಗಳಿಗೆ ಕಳೆದು ತಿಂಗಳುಗಳೋ ವರ್ಷಗಳೋ ಆಗಿರುತ್ತವೆ. ಕೃತ್ಯವು ನಡೆದ ಊರು ಬೇರೆ, ವಿಚಾರಣೆಯು ನಡೆಯುವ ಊರು ಬೇರೆ. ಇಂತಹ ಸಂದರ್ಭದಲ್ಲಿ ನ್ಯಾಯಾಧೀಶನಿಗೆ ಎರಡೇ ಆಧಾರಗಳು: ಪರೀಕ್ಷಿಸಿದ ವೈದ್ಯನ ಅಭಿಪ್ರಾಯ ಮತ್ತು ಹತ್ತಿರವಿದ್ದು ಕಂಡವರ ಮಾತು.

ಈ ವಿಷಯವನ್ನು ವಿಚಾರಮಾಡುವುದಕ್ಕೆ ಮಲೆನಾಡಿನ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಎಂಬ ಮೂರು ತಾಲ್ಲೂಕುಗಳ ಸೀಮೆಯು ತಕ್ಕ ಕ್ಷೇತ್ರವಾಗಿದೆ. ತುಂಗಾತೀರದ ಶೃಂಗೇರಿಯು ಧರ್ಮಶಾಸ್ತ್ರದ ಅಧ್ಯಯನ ಅಧ್ಯಾಪನಗಳಿಗೆ ಪ್ರಸಿದ್ಧವಾದ ಸ್ಥಾನ. ಹಿಂದೆ ಯೆಡೆಹಳ್ಳಿ ಎಂದು ಹೆಸರಾಗಿದ್ದು, ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ನಾಮಧೇಯವನ್ನು ಪಡೆದ ನರಸಿಂಹರಾಜಪುರದ ಬಳಿಯ ಸಿಂಹನಗದ್ದೆಯಲ್ಲಿ ಜೈನರ ಜ್ವಾಲಾಮಾಲಿನೀ ದೇವಿಯ ಬಸದಿಯಿದೆ. ಆ ದೇವತೆಯ ಆರಾಧನೆಯನ್ನು ವಿಧಿಸುವ ಶಾಸ್ತ್ರವು ಗ್ರಹಬಾಧೆಯ ನಿವಾರಣೆಯನ್ನೇ ಮುಖ್ಯ ವಿಷಯವಾಗಿ ಉಳ್ಳದ್ದು. ಇನ್ನು ಈ ಮೂರು ಊರುಗಳಲ್ಲಿಯೂ ಇಂದಿನ ಕಾಯಿದೆಯ ನ್ಯಾಯಾಲಯಗಳುಂಟು. ಹೀಗೆ ಸ್ಮೃತಿ, ಮಂತ್ರ, ಕಾಯಿದೆ ಎಂಬ ಮೂರು ದೃಷ್ಟಿಗಳು ಒಂದೇ ಸೀಮೆಯಲ್ಲಿ ನೆಲೆಗೊಂಡಿವೆ. ಒಬ್ಬನೇ ಮನುಷ್ಯನ ಬುದ್ಧಿವಿಕಾರವನ್ನು ಈ ಮೂರೂ ಮೂರು ಬಗೆಯಾಗಿ ಹೆಸರಿಸುತ್ತವೆ. ಆ ಹೆಸರುಗಳ ಭೇದದಿಂದ ನ್ಯಾಯಕ್ಕೆ ಆಗುವ ಹಾನಿಯೇನು, ಅದನ್ನು ತಪ್ಪಿಸುವ ಬಗೆ ಯಾವುದು ಎಂಬುದೇ ಇಲ್ಲಿಯ ವಿಚಾರ್ಯ ವಿಷಯ.

೨

ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಆರನೆಯ ವಿಕ್ರಮಾದಿತ್ಯನ (ಕ್ರಿ. ಶ. ೧೦೭೬–೧೧೨೬) ಕಾಲದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ಮಿತಾಕ್ಷರೆಯು ಕನ್ನಡನಾಡಿನಲ್ಲಿ ಹುಟ್ಟಿ ಭಾರತದ ಬಹುಭಾಗಕ್ಕೆ ಪ್ರಮಾಣವಾದ ಗ್ರಂಥವೆಂಬುದು ವಿದ್ವಾಂಸರಿಗೆ ತಿಳಿದೇ ಇದೆ. ದಾಯವಿಭಾಗದ ವಿಷಯದಲ್ಲಿ ಅದರ ಕೀರ್ತಿಯು ಹರಡಿದಷ್ಟು, ಉನ್ಮತ್ತನ ವಿಷಯದಲ್ಲಿ ಅದು ಹೇಳಿರುವ ಮಾತುಗಳು ಪ್ರಚಾರಕ್ಕೆ ಬಂದಿಲ್ಲ. ವ್ಯವಹಾರಾಧ್ಯಾಯದಲ್ಲಿ ಉನ್ಮತ್ತನ ಪ್ರಸಕ್ತಿಯು ಮುಖ್ಯವಾಗಿ ಐದು ಕಡೆಗಳಲ್ಲಿ ಬರುತ್ತದೆ.

ಮೊದಲನೆಯದು ಆಹ್ವಾನಪ್ರಕರಣ. ಪ್ರತಿವಾದಿಯನ್ನು ಸಭೆಗೆ ಕರೆಯಿಸುವಾಗ ರಾಜನು ಯಾರನ್ನು ಕರೆಯಿಸಬಾರದೆಂದು ಹೇಳುವಲ್ಲಿ ರೋಗಿ, ಬಾಲ, ವೃದ್ಧ ಮೊದಲಾದವರೊಡನೆ ಮತ್ತನೂ ಉನ್ಮತ್ತನೂ ಎಣಿಸಲ್ಪಟ್ಟಿದ್ದಾರೆ. ಎರಡನೆಯದು ಸಾಕ್ಷಿಪ್ರಕರಣ, ಅಲ್ಲಿ ಉನ್ಮತ್ತನು ಸಾಕ್ಷಿಯಾಗಲು ಅನರ್ಹನು. ಮೂರನೆಯದು ವ್ಯವಹಾರದ ಅಸಿದ್ಧಿ. ಕುಡಿದವನು, ಉನ್ಮತ್ತನು, ರೋಗಪೀಡಿತನು, ಬಾಲನು, ಭಯಗೊಂಡವನು ಇವರಿಂದ ಆದ ವ್ಯವಹಾರವು ನಿಲ್ಲದೆಂದು ಸ್ಮೃತಿಯು ವಿಧಿಸಿದೆ. ಅಲ್ಲಿ ಉನ್ಮತ್ತ ಶಬ್ದಕ್ಕೆ ಅರ್ಥ ಹೇಳುವಾಗ ವಿಜ್ಞಾನೇಶ್ವರನು ವಾತ, ಪಿತ್ತ, ಕಫ, ಸನ್ನಿಪಾತ, ಗ್ರಹ ಎಂಬ ಐದು ಕಾರಣಗಳಿಂದ ಹುಟ್ಟುವ ಉನ್ಮಾದಕ್ಕೆ ಒಳಗಾದವನೆಂದು ವಿವರಿಸುತ್ತಾನೆ. ವೈದ್ಯರ ವಿಭಾಗವನ್ನು ಧರ್ಮಶಾಸ್ತ್ರಕಾರನು ಹೀಗೆ ತನ್ನ ವ್ಯಾಖ್ಯಾನದೊಳಕ್ಕೆ ತಂದುಕೊಂಡಿರುವುದು ಗಮನಿಸತಕ್ಕ ಅಂಶ.

ನಾಲ್ಕನೆಯದು ದಂಡಪಾರುಷ್ಯಪ್ರಕರಣ. ಮೋಹ, ಮದ ಮೊದಲಾದುವುಗಳಿಂದ ಮಾಡಿದ ಕೃತ್ಯಕ್ಕೆ ದಂಡವಿಲ್ಲವೆಂದು ಅಲ್ಲಿ ಹೇಳಿದೆ. ಮೋಹವೆಂದರೆ ಚಿತ್ತವೈಕಲ್ಯ, ಮದವೆಂದರೆ ಮದ್ಯಪಾನದಿಂದಾದ ಅವಸ್ಥೆ, ಮೊದಲಾದುವೆಂದುದರಿಂದ ಗ್ರಹಾವೇಶವೇ ಮುಂತಾದುವನ್ನು ತಿಳಿಯಬೇಕೆಂದು ಮಿತಾಕ್ಷರೆಯು ವಿವರಿಸುತ್ತದೆ. ಐದನೆಯದು ದಾಯವಿಭಾಗ. ಉನ್ಮತ್ತನಿಗೆ ಅಂಶವಿಲ್ಲ, ಆದರೆ ಅವನನ್ನು ಪೋಷಿಸಲೇಬೇಕು ಎಂಬುದು ಅಲ್ಲಿಯ ವಿಧಿ.

ಇಲ್ಲಿ ವಿಮರ್ಶಕರು ಎಚ್ಚರಿಕೆಯಿಂದ ಹೆಜ್ಜೆಯಿಡಬೇಕಾಗಿದೆ. ನಾಲ್ಕನೆಯ ಪ್ರಕರಣದಲ್ಲಿ ಪ್ರಸ್ತುತವಾಗಿರುವುದು ಮೈಮೇಲೆ ಬೂದಿ, ಕೆಸರು, ಧೂಳುಗಳನ್ನು ಎರಚುವುದೇ ಮುಂತಾದ ಅಲ್ಪಾಪರಾಧಗಳು. ಆ ಪ್ರಸಂಗದಲ್ಲಿ ಹೇಳಿದ ವಿನಾಯಿತಿಯನ್ನು ಹಿಡಿದುಕೊಂಡು, ಕೊಲೆಮಾಡಿದ ಉನ್ಮತ್ತನನ್ನೂ ನಮ್ಮ ಪೂರ್ವಿಕರು ದಂಡಿಸದೆ ಬಿಡುತ್ತಿದ್ದರೆಂದು ಸಾಧಿಸಹೊರಡುವುದು ಗ್ರಂಥದ ಮಾತಿಗೆ ಮೀರಿದುದು. ಮನುಸ್ಮೃತಿಯಲ್ಲಿ ಸ್ತ್ರೀ, ಬಾಲ, ವೃದ್ಧ, ದರಿದ್ರ, ರೋಗಿಗಳ ಜೊತೆಗೆ ಉನ್ಮತ್ತನಿಗೂ ಬಳ್ಳಿ, ಬಿದಿರಸೀಳು, ಹಗ್ಗ ಮೊದಲಾದುವುಗಳಿಂದ ಲಘುದಂಡವನ್ನು ವಿಧಿಸಿದೆಯೇ ಹೊರತು ಅವನನ್ನು ಪೂರ್ಣವಾಗಿ ಬಿಟ್ಟಿಲ್ಲ. ಆದಕಾರಣ ಪ್ರಾಚೀನರಲ್ಲಿ ತತ್ತ್ವದ ಬೀಜವಿತ್ತು, ಅದರ ಪೂರ್ಣ ವಿಸ್ತಾರವಿರಲಿಲ್ಲ ಎಂದು ಹೇಳುವುದೇ ನ್ಯಾಯವಾದ ಮಾತು.

ಆದರೂ ಆ ಬೀಜವು ಬೆಲೆಯುಳ್ಳದ್ದು. ಸಭೆಗೆ ಕರೆಯಬಹುದೇ, ದಂಡಿಸಬಹುದೇ, ಮುಂದೆ ಅವನನ್ನು ಸಲಹುವವರು ಯಾರು ಎಂಬ ಮೂರು ಪ್ರಶ್ನೆಗಳನ್ನು ಮಿತಾಕ್ಷರೆಯು ಮೂರು ಬೇರೆ ಬೇರೆ ಸ್ಥಳಗಳಲ್ಲಿ ವಿಚಾರಿಸಿದೆ. ಒಂದರ ಉತ್ತರದಿಂದ ಮತ್ತೊಂದರ ಉತ್ತರವು ತಾನಾಗಿ ಸಿದ್ಧಿಸುವುದೆಂದು ಎಲ್ಲಿಯೂ ಭಾವಿಸಿಲ್ಲ. ಇಂದಿನ ಕಾಯಿದೆಯಲ್ಲಿಯೂ ಈ ಮೂರೇ ಪ್ರಶ್ನೆಗಳು ಪ್ರಧಾನವಾಗಿರುವುದನ್ನು ಮುಂದೆ ಕಾಣಬಹುದು.

ಶೃಂಗೇರಿಯ ಸಂಬಂಧದಿಂದ ಇನ್ನೊಂದು ಗ್ರಂಥವನ್ನು ಸ್ಮರಿಸತಕ್ಕದ್ದು. ವಿಜಯನಗರದ ಹರಿಹರನೂ ಅವನ ಸೋದರರೂ ೧೩೪೬ರಲ್ಲಿ ಶೃಂಗೇರಿಯ ಭಾರತೀತೀರ್ಥರಿಗೆ ಭೂದಾನವನ್ನು ಮಾಡಿದುದು ಅಲ್ಲಿಯ ಶಾಸನದಿಂದ ತಿಳಿದಿದೆ. ಅದೇ ಶತಮಾನದಲ್ಲಿ ಮಾಧವಾಚಾರ್ಯನು ರಚಿಸಿದ ಪರಾಶರಮಾಧವೀಯದಲ್ಲಿ ವ್ಯವಹಾರಕಾಂಡವೊಂದಿದೆ. ಮೂಲವಾದ ಪರಾಶರಸ್ಮೃತಿಯಲ್ಲಿ ವ್ಯವಹಾರದ ಭಾಗವೇ ಇಲ್ಲದಿರಲು, ವ್ಯಾಖ್ಯಾನಕಾರನು ಅದನ್ನು ತಾನಾಗಿ ಕೂಡಿಸಿದನು. ಈ ಮಾಧವನೇ ಸಂನ್ಯಾಸವನ್ನು ಕೈಕೊಂಡು ವಿದ್ಯಾರಣ್ಯನೆನಿಸಿ ಶೃಂಗೇರಿಯ ಪೀಠವನ್ನು ಅಲಂಕರಿಸಿದನೆಂಬುದು ಸಂಪ್ರದಾಯದ ಮತ. ಆಧುನಿಕ ಸಂಶೋಧಕರಲ್ಲಿ ಈ ವಿಷಯದಲ್ಲಿ ಐಕಮತ್ಯವಿಲ್ಲ. ಅದು ಹೇಗಾದರೂ ಇರಲಿ. ಆಚಾರ ಪ್ರಾಯಶ್ಚಿತ್ತಗಳಷ್ಟರಿಂದಲೇ ಧರ್ಮವು ಪೂರ್ಣವಾಗದು, ನ್ಯಾಯವಿಚಾರಣೆಯೂ ಅದರ ಅಂಗವೇ ಎಂಬ ದೃಷ್ಟಿಯು ಆ ಕಾಲದ ಪಂಡಿತರಲ್ಲಿ ದೃಢವಾಗಿದ್ದಿತೆಂಬುದಕ್ಕೆ ಈ ಗ್ರಂಥವು ಸಾಕ್ಷಿಯಾಗಿದೆ.

೩

ಉನ್ಮಾದದ ಸ್ವರೂಪವನ್ನು ಹೇಳಬೇಕಾದವರು ವೈದ್ಯರು. ಚರಕಸಂಹಿತೆಯ ನಿದಾನಸ್ಥಾನದ ಏಳನೆಯ ಅಧ್ಯಾಯವೂ ಚಿಕಿತ್ಸಾಸ್ಥಾನದ ಒಂಬತ್ತನೆಯ ಅಧ್ಯಾಯವೂ ಉನ್ಮಾದಕ್ಕೆ ಮೀಸಲಾಗಿವೆ. ಮನಸ್ಸು, ಬುದ್ಧಿ, ಸಂಜ್ಞಾಜ್ಞಾನ, ಸ್ಮೃತಿ, ಭಕ್ತಿ, ಶೀಲ, ಚೇಷ್ಟೆ, ಆಚಾರ ಎಂಬ ಎಂಟರ ವಿಭ್ರಮವೇ ಉನ್ಮಾದವೆಂದು ಚರಕನ ಲಕ್ಷಣ. ಇಲ್ಲಿ ಭಕ್ತಿಯೆಂದರೆ ಇಚ್ಛೆ ಅಥವಾ ಒಲವು. ಈ ಎಂಟರಲ್ಲಿ ಬುದ್ಧಿಯೊಂದೇ ಕೆಡಬೇಕೆಂಬ ನಿಯಮವಿಲ್ಲವೆಂಬುದನ್ನು ನೆನಪಿನಲ್ಲಿಡಬೇಕು. ಒಬ್ಬನಿಗೆ ಸ್ಮೃತಿ ಸರಿಯಾಗಿದ್ದು ಶೀಲವು ಕೆಟ್ಟಿರಬಹುದು. ಮತ್ತೊಬ್ಬನು ಲೆಕ್ಕವನ್ನು ತಪ್ಪದೆ ಮಾಡುತ್ತ, ಮನೆಯವರೆಲ್ಲರೂ ತನಗೆ ವಿಷವಿಕ್ಕುತ್ತಿದ್ದಾರೆಂದು ನಂಬಿರಬಹುದು.

ಚರಕನು ವಾತ, ಪಿತ್ತ, ಕಫ, ಸನ್ನಿಪಾತಗಳಿಂದ ಆಗುವ ನಾಲ್ಕು ಉನ್ಮಾದಗಳನ್ನೂ, ದೇವ ಗಂಧರ್ವ ಪಿಶಾಚಾದಿಗಳಿಂದ ಆಗುವ ಆಗಂತುವೆಂಬ ಐದನೆಯದನ್ನೂ ಎಣಿಸುತ್ತಾನೆ. ಮಿತಾಕ್ಷರೆಯ ಐದು ಭೇದಗಳು ಇವಕ್ಕೆ ಸರಿಹೋಗುತ್ತವೆ. ಸುಶ್ರುತಸಂಹಿತೆಯ ಉತ್ತರತಂತ್ರದಲ್ಲಾದರೋ ಆರು ಭೇದಗಳಿದ್ದು, ಮನೋದುಃಖದಿಂದ ಆಗುವುದೂ ವಿಷದಿಂದ ಆಗುವುದೂ ಪ್ರತ್ಯೇಕವಾಗಿ ಹೇಳಲ್ಪಟ್ಟಿವೆ. ಗ್ರಹಾವೇಶದ ವಿಚಾರಕ್ಕೆ ಬೇರೆ ಅಧ್ಯಾಯವೇ ಇದೆ. ಚರಕನೂ ಆಗಂತುವನ್ನು ಒಪ್ಪಿದನಾದರೂ, ರೋಗದ ಮೂಲವು ಮನುಷ್ಯನದೇ ಆದ ಪ್ರಜ್ಞಾಪರಾಧವೆಂದೂ, ಅದಕ್ಕಾಗಿ ದೇವತೆಗಳನ್ನು ದೂರುವುದು ತರವಲ್ಲವೆಂದೂ ನಿದಾನಸ್ಥಾನದಲ್ಲಿ ಸ್ಪಷ್ಟಪಡಿಸಿದ್ದಾನೆ.

ಗ್ರಹಾವೇಶದ ವಿಷಯದಲ್ಲಿ ಕನ್ನಡನಾಡಿನಲ್ಲಿ ಹುಟ್ಟಿದ ಒಂದು ಶಾಸ್ತ್ರವುಂಟು. ಇಂದ್ರನಂದಿಯು ಶಕ ೮೬೧ರಲ್ಲಿ, ಎಂದರೆ ಕ್ರಿ. ಶ. ೯೩೯ರಲ್ಲಿ, ರಾಷ್ಟ್ರಕೂಟರ ರಾಜಧಾನಿಯಾದ ಮಾನ್ಯಖೇಟದಲ್ಲಿ ಜ್ವಾಲಿನೀಕಲ್ಪವನ್ನು ಸಂಸ್ಕೃತದಲ್ಲಿ ರಚಿಸಿದನು. ಹೇಲಾಚಾರ್ಯನೆಂಬ ಮುನಿಯ ಶಿಷ್ಯೆಯಾದ ಕಮಲಶ್ರೀಯನ್ನು ಬ್ರಹ್ಮರಾಕ್ಷಸನು ಹಿಡಿಯಲಾಗಿ, ಆಕೆಯ ಬಾಧೆಯನ್ನು ಕಳೆಯುವುದಕ್ಕಾಗಿ ಮುನಿಯು ಜ್ವಾಲಾಮಾಲಿನಿಯನ್ನು ಆರಾಧಿಸಿ ಮಂತ್ರವನ್ನು ಪಡೆದನೆಂಬ ಕಥೆಯಿಂದ ಆ ಶಾಸ್ತ್ರದ ಉತ್ಪತ್ತಿಯನ್ನು ಹೇಳಿದೆ. ಗ್ರಹಗಳ ಭೇದಗಳನ್ನೂ ಅವು ಹಿಡಿದವರ ಚಿಹ್ನೆಗಳನ್ನೂ ಅದರಲ್ಲಿ ವಿಂಗಡಿಸಿ ಕೊಟ್ಟಿದೆ. ಮಂತ್ರದ ಫಲವನ್ನು ನಂಬುವುದು ಬಿಡುವುದು ಓದುವವರ ಇಷ್ಟ. ಆದರೆ ಹಿಡಿಯಲ್ಪಟ್ಟವನು ಹೇಗೆ ನೋಡುತ್ತಾನೆ, ಹೇಗೆ ಮಾತನಾಡುತ್ತಾನೆ, ಏನನ್ನು ಬಿಡುತ್ತಾನೆ ಎಂಬುದನ್ನು ಕಂಡು ಗುರುತಿಸುವ ಅಭ್ಯಾಸವು ಆ ಕಾಲದ ಮಂತ್ರವಾದಿಗಳಲ್ಲಿಯೂ ಇತ್ತೆಂಬುದು ಅದರಿಂದ ತಿಳಿಯುತ್ತದೆ. ಮಾನ್ಯಖೇಟದ ಮಂತ್ರಶಾಸ್ತ್ರವೂ ಕಲ್ಯಾಣದ ಧರ್ಮಶಾಸ್ತ್ರವೂ ಒಂದೇ ನೆಲದಲ್ಲಿ ಎರಡು ಶತಮಾನಗಳೊಳಗೆ ಹುಟ್ಟಿದುವು. ವಿಜ್ಞಾನೇಶ್ವರನು ಗ್ರಹವನ್ನು ಉನ್ಮಾದದ ಕಾರಣಗಳಲ್ಲಿ ಸೇರಿಸಿದಾಗ, ಗ್ರಹವು ಉಂಟೋ ಇಲ್ಲವೋ ಎಂಬ ವಾದಕ್ಕೆ ತೊಡಗಲಿಲ್ಲ. ಕಾರಣವು ಯಾವುದೇ ಆಗಿರಲಿ, ಚಿತ್ತವು ವಿಕಲವಾಗಿತ್ತೇ ಎಂಬುದಷ್ಟೇ ಅವನಿಗೆ ಬೇಕಾಗಿದ್ದಿತು.

ಕನ್ನಡ ಶಬ್ದಗಳೂ ಇದೇ ಕಥೆಯನ್ನು ಹೇಳುತ್ತವೆ. ಹಳಗನ್ನಡದ ಮರುಳ್ ಎಂಬ ಶಬ್ದಕ್ಕೆ ಪಿಶಾಚವೆಂಬ ಅರ್ಥವೂ ಬುದ್ಧಿಭ್ರಮೆಯೆಂಬ ಅರ್ಥವೂ ಇವೆ. ಕಾವ್ಯಗಳ ರಣರಂಗದಲ್ಲಿ ಕುಣಿಯುವ ಮರುಳುಗಳೂ, ಮಾತಿನಲ್ಲಿ ಬರುವ ಮರುಳನೂ ಒಂದೇ ಶಬ್ದದ ಮಕ್ಕಳು. ಪಿತ್ತ ನೆತ್ತಿಗೇರಿತೆಂಬ ನುಡಿಯಲ್ಲಿ ಚರಕನ ಪಿತ್ತೋನ್ಮಾದದ ನೆರಳಿದೆ. ಗಾಳಿ ಸೋಕಿತೆಂಬುದರಲ್ಲಿ ಗಾಳಿಯು ವೈದ್ಯರ ವಾತವಲ್ಲ, ಭೂತಸ್ಪರ್ಶ. ಮಂಕು ಕವಿಯಿತು, ಬುದ್ಧಿ ಸ್ಥಿಮಿತದಲ್ಲಿಲ್ಲ, ತಲೆ ಕೆಟ್ಟಿತು, ಮೈಮೇಲೆ ಬಂತು ಎಂಬ ನುಡಿಗಳಲ್ಲಿ ಒಂದೊಂದೂ ಒಂದೊಂದು ಬಗೆಯ ವಿಕಾರವನ್ನು ಸೂಚಿಸುತ್ತದೆ. ಜನರು ಇವನ್ನು ಒಂದಕ್ಕೊಂದು ಬದಲಾಗಿ ಬಳಸುವುದಿಲ್ಲ. ದೇವರ ಉತ್ಸವದಲ್ಲಿ ಮೈಮೇಲೆ ಬಂದವನನ್ನು ಹುಚ್ಚನೆಂದು ಯಾರೂ ಕರೆಯುವುದಿಲ್ಲವಷ್ಟೆ.

೪

ಬ್ರಿಟಿಷರ ಆಳಿಕೆಯಲ್ಲಿ ಈ ವಿಚಾರವು ಹೊಸ ರೂಪವನ್ನು ತಾಳಿತು. ಮೆಕಾಲೆಯ ಮುಂದಾಳುತನದ ಕಾನೂನು ಆಯೋಗವು ೧೮೩೭ರಲ್ಲಿ ಸಿದ್ಧಪಡಿಸಿದ ದಂಡಸಂಹಿತೆಯ ಕರಡಿನಲ್ಲಿಯೇ, ಬುದ್ಧಿಜಾಡ್ಯದ ಸ್ಥಿತಿಯಲ್ಲಿರುವವನ ಕೃತ್ಯವೂ, ಹುಚ್ಚಿನಿಂದಲೋ ಸನ್ನಿಯಿಂದಲೋ ಆದ ಕೃತ್ಯವೂ ಅಪರಾಧವಲ್ಲವೆಂದು ಬರೆದಿದ್ದಿತು. ಅನಂತರ ೧೮೪೩ರಲ್ಲಿ ಲಂಡನ್ನಿನಲ್ಲಿ ಮೆಕ್ನಾಟನ್ ಎಂಬವನು ಪ್ರಧಾನಿ ಪೀಲನ ಕಾರ್ಯದರ್ಶಿಯಾಗಿದ್ದ ಡ್ರಮಂಡನನ್ನು ಗುಂಡಿಕ್ಕಿ ಕೊಂದನು. ಆಳುವ ಪಕ್ಷದವರು ತನ್ನನ್ನು ಬೆನ್ನಟ್ಟಿ ಪೀಡಿಸುತ್ತಿದ್ದಾರೆಂಬ ಭ್ರಾಂತಿಯು ಅವನಿಗಿದ್ದಿತು. ನ್ಯಾಯಸ್ಥಾನವು ಅವನನ್ನು ದೋಷಮುಕ್ತನೆಂದು ಹೇಳಲು ಜನರಲ್ಲಿ ಕ್ಷೋಭೆಯುಂಟಾಯಿತು. ಪ್ರಭುಸಭೆಯು ನ್ಯಾಯಾಧೀಶರ ಅಭಿಪ್ರಾಯವನ್ನು ಕೇಳಿತು. ಅವರಿತ್ತ ಉತ್ತರಗಳೇ ಮೆಕ್ನಾಟನ್ ನಿಯಮಗಳೆಂದು ಪ್ರಸಿದ್ಧವಾದುವು.

ಆ ನಿಯಮಗಳ ಸಾರವು ೧೮೬೦ರ ಭಾರತೀಯ ದಂಡಸಂಹಿತೆಯ ೮೪ನೆಯ ಕಲಮಿನಲ್ಲಿ ಸೇರಿತು. ಕೃತ್ಯವನ್ನು ಮಾಡುವ ಕಾಲದಲ್ಲಿ ಚಿತ್ತದ ಅಸ್ವಾಸ್ಥ್ಯದಿಂದಾಗಿ ಆ ಕೃತ್ಯದ ಸ್ವರೂಪವನ್ನಾಗಲಿ, ಅದು ತಪ್ಪೆಂಬುದನ್ನಾಗಲಿ, ಕಾನೂನಿಗೆ ವಿರುದ್ಧವೆಂಬುದನ್ನಾಗಲಿ ತಿಳಿಯಲು ಅಸಮರ್ಥನಾದವನು ಮಾಡಿದುದು ಅಪರಾಧವಲ್ಲವೆಂಬುದು ಅದರ ತಾತ್ಪರ್ಯ. ಮಿತಾಕ್ಷರೆಯೊಡನೆ ಹೋಲಿಸಿದರೆ ಎರಡು ಭೇದಗಳು ಕಾಣುತ್ತವೆ. ಸಂಹಿತೆಯ ವಿನಾಯಿತಿಯು ಅಲ್ಪಾಪರಾಧಗಳಿಗೆ ಸೀಮಿತವಾಗಿರದೆ ಕೊಲೆಯವರೆಗೂ ವ್ಯಾಪಿಸಿದೆ. ಮದದ ವಿಷಯದಲ್ಲಾದರೋ ಸಂಹಿತೆಯು ಸ್ಮೃತಿಗಿಂತ ಕಠಿನವಾಗಿದೆ. ತಾನಾಗಿ ಕುಡಿದು ಮತ್ತನಾದವನಿಗೆ ಅದು ವಿನಾಯಿತಿಯನ್ನು ಕೊಡುವುದಿಲ್ಲ, ಅರಿಯದೆಯೋ ಬಲಾತ್ಕಾರದಿಂದಲೋ ಕುಡಿಸಲ್ಪಟ್ಟವನಿಗೆ ಮಾತ್ರ ಕೊಡುತ್ತದೆ.

ಇದೇ ಕಾಲದಲ್ಲಿ ಕನ್ನಡನಾಡಿನಲ್ಲಿ ಚಿತ್ತರೋಗಿಗಳ ಆಲಯಗಳು ಹುಟ್ಟಿದುವು. ಧಾರವಾಡದಲ್ಲಿ ೧೮೪೫ರಲ್ಲಿಯೂ ಬೆಂಗಳೂರಿನಲ್ಲಿ ೧೮೪೭ರಲ್ಲಿಯೂ ಅವು ಆರಂಭವಾದುವು. ಜನರು ಅವನ್ನು ಹುಚ್ಚಾಸ್ಪತ್ರೆಗಳೆಂದೇ ಕರೆದರು. ಬೆಂಗಳೂರಿನ ಆಲಯಕ್ಕೆ ಮೈಸೂರು ಸರ್ಕಾರವು ೧೯೨೫ರಲ್ಲಿ ಮಾನಸಿಕ ಆಸ್ಪತ್ರೆಯೆಂಬ ಹೆಸರನ್ನಿತ್ತಿತು. ಡಾ. ನೊರೋನ್ಹಾ, ಡಾ. ಎಂ. ವಿ. ಗೋವಿಂದಸ್ವಾಮಿ ಇವರು ಅದರ ಮೇಲ್ವಿಚಾರಕರಾಗಿ ಅದನ್ನು ಬೆಳೆಸಿದರು. ೧೯೫೪ರಲ್ಲಿ ಅಲ್ಲಿಯೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು ಸ್ಥಾಪಿತವಾಗಿ ಗೋವಿಂದಸ್ವಾಮಿಗಳೇ ಅದರ ಮೊದಲ ನಿರ್ದೇಶಕರಾದರು. ಆಸ್ಪತ್ರೆಯೂ ಸಂಸ್ಥೆಯೂ ೧೯೭೪ರಲ್ಲಿ ಒಂದಾಗಿ ಇಂದು ನಿಮ್ಹಾನ್ಸ್ ಎಂಬ ಹೆಸರಿನಿಂದ ಲೋಕವಿಖ್ಯಾತವಾಗಿವೆ. ಕೂಡಿಹಾಕುವ ಸ್ಥಾನವು ಹೀಗೆ ಕ್ರಮವಾಗಿ ಪರೀಕ್ಷಿಸುವ ಮತ್ತು ಗುಣಪಡಿಸುವ ಸ್ಥಾನವಾದುದರಿಂದಲೇ, ನ್ಯಾಯಾಲಯಗಳಿಗೆ ಚಿತ್ತಪರೀಕ್ಷೆಯ ವಿಷಯದಲ್ಲಿ ತಜ್ಞರ ಅಭಿಪ್ರಾಯವು ದೊರೆಯುವಂತಾಯಿತು.

೫

ಇಂದಿನ ಕ್ರಮವನ್ನು ಸಂಕ್ಷೇಪವಾಗಿ ಹೇಳಬಹುದು. ೨೦೨೪ರ ಜುಲೈ ೧ರಿಂದ ದಂಡಸಂಹಿತೆಯ ಸ್ಥಾನದಲ್ಲಿ ಭಾರತೀಯ ನ್ಯಾಯ ಸಂಹಿತೆಯೂ, ವಿಚಾರಣಾಕ್ರಮದ ಸಂಹಿತೆಯ ಸ್ಥಾನದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯೂ ಜಾರಿಗೆ ಬಂದಿವೆ. ಹಳೆಯ ೮೪ನೆಯ ಕಲಮು ಹೊಸದರಲ್ಲಿ ೨೨ನೆಯದಾಗಿದೆ. ೨೦೨೩ರ ಮೊದಲ ಕರಡಿನಲ್ಲಿ ಚಿತ್ತದ ಅಸ್ವಾಸ್ಥ್ಯವೆಂಬುದನ್ನು ತೆಗೆದು ಮಾನಸಿಕ ರೋಗವೆಂದು ಬರೆದಿದ್ದರು. ೨೦೧೭ರ ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮದ ಲಕ್ಷಣದಂತೆ ಮಾನಸಿಕ ರೋಗದಲ್ಲಿ ಮದ್ಯ ಮತ್ತು ಮಾದಕವಸ್ತುಗಳ ದುರ್ಬಳಕೆಯಿಂದಾದ ಸ್ಥಿತಿಗಳೂ ಸೇರುತ್ತವೆ. ಆದುದರಿಂದ ಸಂಸತ್ತಿನ ಸ್ಥಾಯೀಸಮಿತಿಯು ಆಕ್ಷೇಪಿಸಲು, ಹಳೆಯ ಶಬ್ದವೇ ಮರಳಿ ಬಂದಿತು. ಒಂದು ಶಬ್ದದ ವ್ಯತ್ಯಾಸದಿಂದ ದಂಡ್ಯನು ಅದಂಡ್ಯನಾಗಬಹುದೆಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನವು ಬೇಕಿಲ್ಲ.

ಸುರಕ್ಷಾ ಸಂಹಿತೆಯ ೩೬೭ರಿಂದ ೩೭೮ರವರೆಗಿನ ಕಲಮುಗಳು ಅಸ್ವಸ್ಥಚಿತ್ತರಾದ ಆಪಾದಿತರಿಗೆ ಸಂಬಂಧಿಸಿವೆ. ಇವುಗಳಿಗೆ ಮೂಲವು ೧೮೯೮ರ ಸಂಹಿತೆಯ ೩೪ನೆಯ ಅಧ್ಯಾಯದಲ್ಲಿದೆ. ಮೊದಲನೆಯ ಪ್ರಶ್ನೆ: ಈಗ ಎದುರಿಗೆ ನಿಂತವನು ತನ್ನ ಪಕ್ಷವನ್ನು ತಾನು ಹೇಳಿಕೊಳ್ಳಬಲ್ಲನೇ? ಇದರಲ್ಲಿ ಸಂದೇಹ ಬಂದರೆ ದಂಡಾಧಿಕಾರಿಯು ಅವನನ್ನು ಜಿಲ್ಲೆಯ ಸರ್ಕಾರಿ ವೈದ್ಯಾಧಿಕಾರಿಗೂ, ಅವರ ಮೂಲಕ ಮನೋವೈದ್ಯರಿಗೋ ಚಿಕಿತ್ಸಾಮನೋವಿಜ್ಞಾನಿಗೋ ಒಪ್ಪಿಸಬೇಕು. ಅವರ ಅಭಿಪ್ರಾಯಕ್ಕೆ ಒಪ್ಪದವನು ವೈದ್ಯಮಂಡಲಿಯಲ್ಲಿ ಮೇಲ್ಮನವಿ ಮಾಡಬಹುದು. ಅಸಮರ್ಥನೆಂದು ಕಂಡುಬಂದರೆ ವಿಚಾರಣೆಯು ಮುಂದಕ್ಕೆ ಹೋಗುತ್ತದೆ. ಇದು ಮಿತಾಕ್ಷರೆಯ ಆಹ್ವಾನಪ್ರಕರಣದ ಪ್ರಶ್ನೆಯೇ. ಎರಡನೆಯ ಪ್ರಶ್ನೆ: ಕೃತ್ಯದ ಕಾಲದಲ್ಲಿ ಅವನಿಗೆ ಅರಿವಿದ್ದಿತೇ? ಇದು ೨೨ನೆಯ ಕಲಮಿನದು. ಮೂರನೆಯ ಪ್ರಶ್ನೆ: ದಂಡವಿಲ್ಲವೆಂದ ಮೇಲೆ ಅವನನ್ನು ಏನು ಮಾಡಬೇಕು? ಇದಕ್ಕೆ ೩೭೪ ಮತ್ತು ಅನಂತರದ ಕಲಮುಗಳಲ್ಲಿ ಉತ್ತರವಿದೆ.

ಪರೀಕ್ಷಿಸುವ ಮನೋವೈದ್ಯನ ಕೆಲಸವು ಒಂದು ಭೇಟಿಯಲ್ಲಿ ಮುಗಿಯುವುದಲ್ಲ. ಆಪಾದಿತನನ್ನು ಆಸ್ಪತ್ರೆಯಲ್ಲಿರಿಸಿಕೊಂಡು ಹಗಲಿರುಳು ಅವನ ನಿದ್ರೆ, ಆಹಾರ, ಮಾತು, ನಡೆಗಳನ್ನು ನೋಡಬೇಕು, ಚಿತ್ತದ ಸ್ಥಿತಿಯನ್ನು ಪುನಃಪುನಃ ಪರೀಕ್ಷಿಸಬೇಕು, ಮನೋವಿಜ್ಞಾನದ ಪರೀಕ್ಷೆಗಳನ್ನು ನಡೆಸಬೇಕು, ಪೋಲೀಸರ ಕಾಗದಗಳನ್ನೂ ಹಿಂದಿನ ಚಿಕಿತ್ಸೆಯ ಚೀಟಿಗಳನ್ನೂ ಓದಬೇಕು, ಮನೆಯವರನ್ನು ಕೇಳಬೇಕು. ರೋಗವನ್ನು ನಟಿಸುವವರೂ ಉಂಟು, ಇರುವ ರೋಗವನ್ನು ಮುಚ್ಚಿಡುವವರೂ ಉಂಟು. ಇಷ್ಟಾದರೂ ವೈದ್ಯನು ಹೇಳಬಹುದಾದುದು ರೋಗದ ಇರವನ್ನೂ ಅದರ ಬಗೆಯನ್ನೂ ಮಾತ್ರ. ಅಪರಾಧಿಯೇ ಅಲ್ಲವೇ ಎಂಬ ಕೊನೆಯ ಮಾತು ನ್ಯಾಯಾಧೀಶನದು.

ಸರ್ವೋಚ್ಚ ನ್ಯಾಯಾಲಯವು ಈ ವಿಷಯದಲ್ಲಿ ಕೆಲವು ಸಿದ್ಧಾಂತಗಳನ್ನು ಸ್ಥಾಪಿಸಿದೆ. ೧೯೬೪ರ ದಹ್ಯಾಭಾಯಿ ಠಕ್ಕರನ ಪ್ರಕರಣದಲ್ಲಿ, ಪ್ರತಿಯೊಬ್ಬನೂ ಸ್ವಸ್ಥಚಿತ್ತನೆಂದೇ ಊಹಿಸತಕ್ಕುದೆಂದೂ, ಅಸ್ವಾಸ್ಥ್ಯವನ್ನು ತೋರಿಸುವ ಭಾರವು ಆಪಾದಿತನದೆಂದೂ, ಆ ಭಾರವು ಸಿವಿಲ್ ವ್ಯಾಜ್ಯದಲ್ಲಿರುವಷ್ಟೇ ಹಗುರವಾದುದೆಂದೂ ನಿರ್ಣಯವಾಯಿತು. ಕೃತ್ಯಕ್ಕೆ ಮುಂಚೆ, ಕೃತ್ಯದ ಕಾಲದಲ್ಲಿ, ಕೃತ್ಯದ ಅನಂತರ ಅವನ ನಡತೆ ಹೇಗಿದ್ದಿತೆಂಬುದರಿಂದ ಆ ಗಳಿಗೆಯ ಚಿತ್ತವನ್ನು ಅನುಮಾನಿಸಬೇಕು. ೨೦೧೧ರ ಸುರೇಂದ್ರ ಮಿಶ್ರನ ಪ್ರಕರಣದಲ್ಲಿ, ವೈದ್ಯರ ದೃಷ್ಟಿಯ ಉನ್ಮಾದವೆಲ್ಲವೂ ಕಾನೂನಿನ ದೃಷ್ಟಿಯ ಉನ್ಮಾದವಾಗುವುದಿಲ್ಲವೆಂದು ಹೇಳಲ್ಪಟ್ಟಿತು. ೨೦೦೮ರ ಹರಿಸಿಂಗ ಗೋಂಡನ ಪ್ರಕರಣದಲ್ಲಿ ಪ್ರಸ್ತುತ ವಿಷಯಕ್ಕೆ ಅತ್ಯಂತ ಮುಖ್ಯವಾದ ಮಾತೊಂದಿದೆ: ತನಿಖೆಯ ಕಾಲದಲ್ಲಿ ಹಿಂದಿನ ಉನ್ಮಾದದ ಸುಳಿವು ಸಿಕ್ಕಿದರೆ, ಆಪಾದಿತನನ್ನು ಕೂಡಲೇ ವೈದ್ಯಪರೀಕ್ಷೆಗೆ ಒಳಪಡಿಸಿ ಆ ಸಾಕ್ಷ್ಯವನ್ನು ನ್ಯಾಯಾಲಯದ ಮುಂದಿಡುವುದು ಪ್ರಾಮಾಣಿಕನಾದ ತನಿಖಾಧಿಕಾರಿಯ ಕರ್ತವ್ಯ, ಹಾಗೆ ಮಾಡದಿದ್ದರೆ ಸರ್ಕಾರದ ಪಕ್ಷಕ್ಕೇ ನ್ಯೂನತೆ.

ಇಲ್ಲಿ ಒಂದು ಭ್ರಾಂತಿಯನ್ನು ಕಳೆಯಬೇಕು. ಆಪಾದಿತನ ಮನಸ್ಸಿನಿಂದ ಗುಟ್ಟನ್ನು ಹೊರಡಿಸುವುದಕ್ಕಾಗಿ ನಡೆಸುತ್ತಿದ್ದ ಮಂಪರು ಪರೀಕ್ಷೆ ಮೊದಲಾದುವು ಈ ಚಿತ್ತಪರೀಕ್ಷೆಯಲ್ಲ. ಸೆಲ್ವಿ ಮತ್ತು ಕರ್ನಾಟಕ ರಾಜ್ಯದ ನಡುವಣ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ೨೦೧೦ರಲ್ಲಿ, ಅಂತಹವನ್ನು ಒಪ್ಪಿಗೆಯಿಲ್ಲದೆ ನಡೆಸಕೂಡದೆಂದು ತೀರ್ಪಿತ್ತಿದೆ. ಅವುಗಳ ಉದ್ದೇಶವು ಆಪಾದಿತನ ವಿರುದ್ಧ ಸಾಕ್ಷ್ಯವನ್ನು ಹುಡುಕುವುದು. ಚಿತ್ತಪರೀಕ್ಷೆಯ ಉದ್ದೇಶವು ಅವನನ್ನು ವಿಚಾರಿಸುವ ಮತ್ತು ದಂಡಿಸುವ ಅಧಿಕಾರವು ನ್ಯಾಯಸ್ಥಾನಕ್ಕೆ ಉಂಟೇ ಎಂಬುದನ್ನು ತಿಳಿಯುವುದು.

೬

ಇನ್ನು ಪುನಃ ಮಲೆನಾಡಿಗೆ ಬರೋಣ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ನ್ಯಾಯಾಲಯಗಳಲ್ಲಿ ಸಣ್ಣ ಅಪರಾಧಗಳು ವಿಚಾರಣೆಗೊಳ್ಳುತ್ತವೆ. ಕೊಲೆಯಂತಹ ಘೋರ ಅಪರಾಧಗಳು ಸೆಷನ್ಸ್ ನ್ಯಾಯಾಲಯದಲ್ಲಿಯೇ ವಿಚಾರಣೆಯಾಗತಕ್ಕವು. ದಂಡಾಧಿಕಾರಿಯು ಅವನ್ನು ಅಲ್ಲಿಗೆ ಒಪ್ಪಿಸುತ್ತಾನೆ. ಜಿಲ್ಲೆಯ ಕೇಂದ್ರವು ಚಿಕ್ಕಮಗಳೂರು. ಮನೋವೈದ್ಯರ ವಿಭಾಗವುಳ್ಳ ಸರ್ಕಾರಿ ವೈದ್ಯಕೀಯ ಕಾಲೇಜನ್ನು ಅರಸಿ ಶಿವಮೊಗ್ಗೆಗೆ ಹೋಗಬಹುದು. ನಿಮ್ಹಾನ್ಸಿಗೆ ಹೋಗಬೇಕಾದರೆ ಬೆಂಗಳೂರಿನವರೆಗೆ ಸುಮಾರು ೩೦೦ ಕಿಲೋಮೀಟರುಗಳ ದಾರಿ. ಹೀಗೆ ಆಪಾದಿತನು ಊರಿನಿಂದ ದೂರ ದೂರಕ್ಕೆ ಸಾಗಿದಂತೆಲ್ಲ, ಅವನನ್ನು ನಿತ್ಯವೂ ಕಂಡವರ ಮಾತು ಹಿಂದೆ ಉಳಿಯುತ್ತದೆ. ತಜ್ಞತೆಯು ದೂರದಲ್ಲಿದೆ, ಸಾಕ್ಷ್ಯವು ಹತ್ತಿರದಲ್ಲಿದೆ. ಇವೆರಡನ್ನೂ ಕೂಡಿಸುವುದೇ ಕಷ್ಟವಾದ ಕಾರ್ಯ.

ಒಂಟಿಮನೆಗಳ ಈ ಸೀಮೆಯಲ್ಲಿ, ತೋಟ ಗದ್ದೆಗಳ ನಡುವೆ ನೆರೆಮನೆಯೇ ಕೂಗಳತೆಗೆ ಮೀರಿದ ಎಡೆಗಳಲ್ಲಿ, ಒಬ್ಬನ ಬುದ್ಧಿವಿಕಾರವನ್ನು ಮೊದಲು ಕಾಣುವವರು ಮನೆಯವರೂ ಆಳುಗಳೂ. ಅವನಿಗೆ ರಾತ್ರಿ ನಿದ್ರೆಯಿಲ್ಲ, ಒಬ್ಬನೇ ಮಾತನಾಡುತ್ತಾನೆ, ಯಾರೋ ಕರೆದರೆಂದು ಕಾಡಿಗೆ ಹೋಗುತ್ತಾನೆ, ಹೆಂಡತಿ ಬಡಿಸಿದ ಅನ್ನವನ್ನು ಮುಟ್ಟುವುದಿಲ್ಲ ಎಂಬಿವೆಲ್ಲ ಅವರಿಗೆ ತಿಳಿದಿರುತ್ತವೆ. ಆದರೆ ಅವರು ಅದಕ್ಕೆ ಇಡುವ ಹೆಸರು ಗಾಳಿ ಸೋಕಿತೆಂದು. ಮಾಡಿಸುವ ಚಿಕಿತ್ಸೆ ಹರಕೆ, ತಾಯಿತ, ಮಂತ್ರಿಸಿದ ನೂಲು. ಇಂತಹ ಚಿಕಿತ್ಸೆಗೆ ಚೀಟಿಯಿರುವುದಿಲ್ಲ, ತಾರೀಖಿರುವುದಿಲ್ಲ. ಆಮೇಲೆ ಅನರ್ಥವೊಂದು ಸಂಭವಿಸಿ ಮೊಕದ್ದಮೆಯು ನಡೆದಾಗ, ಹಿಂದೆ ಚಿತ್ತರೋಗವಿದ್ದುದಕ್ಕೆ ದಾಖಲೆಯೇನೆಂದು ವಕೀಲನು ಕೇಳಿದರೆ ಮನೆಯವರು ನಿರುತ್ತರರಾಗುತ್ತಾರೆ. ಗಾಳಿ ಸೋಕಿದ್ದಿತೆಂದು ಹೇಳಿದರೆ ಮೂಢನಂಬಿಕೆಯ ಮಾತೆಂದು ಅದು ಪಕ್ಕಕ್ಕೆ ಸರಿಯುವ ಸಂಭವವುಂಟು. ಸ್ವಸ್ಥಚಿತ್ತನೆಂಬ ಊಹೆಯು ಆಗ ಖಂಡನೆಯಾಗದೆ ನಿಂತುಬಿಡುತ್ತದೆ.

ಇಲ್ಲಿಯೇ ವಿಜ್ಞಾನೇಶ್ವರನ ರೀತಿಯು ಉಪಕಾರಕ್ಕೆ ಬರುವುದು. ಗಾಳಿ ಸೋಕಿತೆಂಬ ಮಾತಿನಲ್ಲಿ ಎರಡು ಅಂಶಗಳಿವೆ: ಒಂದು ಕಂಡ ಚಿಹ್ನೆ, ಇನ್ನೊಂದು ಊಹಿಸಿದ ಕಾರಣ. ಕಾರಣವನ್ನು ಒಪ್ಪದೆ ಬಿಟ್ಟರೂ ಚಿಹ್ನೆಯು ಸಾಕ್ಷ್ಯವಾಗಿಯೇ ಉಳಿಯುತ್ತದೆ. ಯಾವ ದಿನದಿಂದ, ಏನನ್ನು ಕಂಡಿರಿ, ಯಾರು ಯಾರು ಕಂಡರು, ಎಲ್ಲಿಗೆ ಕರೆದುಕೊಂಡು ಹೋದಿರಿ ಎಂದು ಕೇಳಿ, ಅವರ ನುಡಿಯನ್ನು ಅವರದೇ ಶಬ್ದಗಳಲ್ಲಿ ಬರೆದುಕೊಂಡರೆ, ಹರಕೆಯ ದಿನವೂ ರೋಗದ ಕಾಲವನ್ನು ಗೊತ್ತುಮಾಡುವ ಸಾಧನವಾದೀತು. ಹೇಳಿಕೆಯನ್ನು ಬರೆಯುವವನು ಮಂಕು, ಮರುಳು, ಪಿತ್ತ, ಗಾಳಿಗಳೆಲ್ಲವನ್ನೂ ಮಾನಸಿಕ ಅಸ್ವಸ್ಥನಾಗಿದ್ದನೆಂಬ ಒಂದೇ ವಾಕ್ಯಕ್ಕೆ ಇಳಿಸಿದರೆ, ವೈದ್ಯನಿಗೆ ಬೇಕಾದ ಭೇದವೆಲ್ಲವೂ ಆ ವಾಕ್ಯದಲ್ಲಿ ಮುಳುಗಿಹೋಗುವುದು. ಮಂಕು ಕವಿದವನ ಮೌನಕ್ಕೂ ಪಿತ್ತ ಕೆರಳಿದವನ ಆರ್ಭಟಕ್ಕೂ ನಡುವಣ ಅಂತರವನ್ನು ವೈದ್ಯನು ತಿಳಿಯಬೇಕಾದರೆ ಆ ಶಬ್ದಗಳು ಅವನ ಕೈಸೇರಬೇಕು.

ದಾಖಲೆಯ ಅಭಾವವನ್ನು ಕಳೆಯುವ ಮಾರ್ಗವೂ ಈಚೆಗೆ ತೆರೆದಿದೆ. ನಿಮ್ಹಾನ್ಸಿನವರು ೧೯೮೦ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವನ್ನು ಮಾದರಿಯಾಗಿಟ್ಟುಕೊಂಡು ೧೯೯೬ರಲ್ಲಿ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವು ಆರಂಭವಾಯಿತು. ತಾಲ್ಲೂಕಿನ ಆಸ್ಪತ್ರೆಯಲ್ಲಿ ಒಮ್ಮೆ ತೋರಿಸಿ ಪಡೆದ ಚೀಟಿಯು ರೋಗಿಗೆ ಔಷಧವನ್ನು ಕೊಡಿಸುವುದಲ್ಲದೆ, ದುರ್ದಿನವು ಬಂದರೆ ಅವನ ಪರವಾಗಿ ನುಡಿಯುವ ಸಾಕ್ಷಿಯೂ ಆಗುವುದು. ಅದಕ್ಕಿಂತ ಹೆಚ್ಚಾಗಿ, ಸಕಾಲದಲ್ಲಿ ಚಿಕಿತ್ಸೆಯಾದರೆ ಆ ದುರ್ದಿನವೇ ಬಾರದೆ ಹೋಗಬಹುದು. ಚಿತ್ತರೋಗಿಗಳಲ್ಲಿ ಬಹುಪಾಲು ಜನರು ಯಾರಿಗೂ ಕೇಡನ್ನು ಮಾಡುವವರಲ್ಲವೆಂಬುದನ್ನೂ ಇಲ್ಲಿ ಮರೆಯಬಾರದು.

೭

ಉಳಿದುದು ಮೂರನೆಯ ಪ್ರಶ್ನೆ. ಚಿತ್ತದ ಅಸ್ವಾಸ್ಥ್ಯದಿಂದ ದೋಷಮುಕ್ತನಾದವನು ಆ ಕ್ಷಣದಲ್ಲಿಯೇ ಸ್ವತಂತ್ರನಾಗುವುದಿಲ್ಲ. ಅವನನ್ನು ಸುರಕ್ಷಿತವಾದ ಕಾವಲಿನಲ್ಲಿಡಬೇಕು, ಇಲ್ಲವೇ ಜಾಮೀನನ್ನು ಪಡೆದು ಬಂಧುಮಿತ್ರರಿಗೆ ಒಪ್ಪಿಸಬೇಕು. ವಿಚಾರಣೆಗೇ ಅಸಮರ್ಥನೆನಿಸಿದವನ ಸ್ಥಿತಿಯು ಇನ್ನೂ ಕಷ್ಟವಾದುದು. ಅವನು ದೋಷಿಯೂ ಅಲ್ಲ, ನಿರ್ದೋಷಿಯೂ ಅಲ್ಲ. ಅಸ್ಸಾಮಿನ ಮಚಾಂಗ ಲಾಲುಂಗನು ೧೯೫೧ರಲ್ಲಿ ಬಂಧಿತನಾಗಿ, ಚಿತ್ತರೋಗಿಯೆಂದು ಆಸ್ಪತ್ರೆಗೆ ಹೋಗಿ, ಗುಣವಾದ ಮೇಲೂ ವಿಚಾರಣೆಯಿಲ್ಲದೆ ಸೆರೆಯಲ್ಲಿದ್ದು, ೨೦೦೫ರಲ್ಲಿ ಬಿಡುಗಡೆ ಹೊಂದಿದನು. ಮೊದಲ ಪ್ರಶ್ನೆಗೆ ಉತ್ತರವನ್ನು ಕೊಟ್ಟು ಮೂರನೆಯದನ್ನು ಮರೆತುದರ ಫಲವು ಐವತ್ತನಾಲ್ಕು ವರ್ಷಗಳ ಬಂಧನವಾಯಿತು.

ಈ ಸಂದರ್ಭದಲ್ಲಿ ಮಿತಾಕ್ಷರೆಯ ದಾಯಪ್ರಕರಣದ ಒಂದು ನಿರ್ಣಯವು ಮನನಯೋಗ್ಯವಾಗಿದೆ. ಉನ್ಮತ್ತನೇ ಮೊದಲಾದವರಿಗೆ ಅಂಶವಿಲ್ಲವೆಂದು ಹೇಳಿದ ವಿಜ್ಞಾನೇಶ್ವರನು, ವಿಭಾಗವಾದ ಮೇಲೂ ಔಷಧಾದಿಗಳಿಂದ ದೋಷವು ನೀಗಿದರೆ ಅವರಿಗೆ ಭಾಗವು ದೊರೆಯುವುದೆಂದು ಸಿದ್ಧಾಂತಪಡಿಸಿದ್ದಾನೆ. ಉನ್ಮಾದವು ಗುಣವಾಗಬಲ್ಲ ದೋಷ, ಗುಣವಾದೊಡನೆ ಹಕ್ಕು ಮರಳತಕ್ಕದ್ದು ಎಂಬ ಈ ದೃಷ್ಟಿಯು ಸುಮಾರು ಒಂಬತ್ತು ಶತಮಾನಗಳ ಹಿಂದೆ ಕನ್ನಡನೆಲದಲ್ಲಿ ಲಿಖಿತವಾಯಿತು. ಆಸ್ತಿಯ ವಿಷಯದಲ್ಲಿ ಅಂದು ಒಪ್ಪಿದುದನ್ನು ಸ್ವಾತಂತ್ರ್ಯದ ವಿಷಯದಲ್ಲಿ ಇಂದು ಅಲ್ಲಗಳೆಯುವುದಕ್ಕೆ ಕಾರಣವಿಲ್ಲ. ಬಿಡುಗಡೆಯ ಯೋಗ್ಯತೆಯನ್ನು ಕಾಲಕಾಲಕ್ಕೆ ಪರೀಕ್ಷಿಸಬೇಕಾದುದು ಈ ಕಾರಣದಿಂದಲೇ.

ಸಭೆಗೆ ಬರಬಲ್ಲನೇ, ದಂಡ್ಯನೇ, ಮುಂದೆ ಗತಿಯೇನು ಎಂಬ ಮೂರನ್ನೂ ಬೇರೆಬೇರೆಯಾಗಿ ಕೇಳಿ, ಒಂದೊಂದಕ್ಕೂ ತಕ್ಕ ಸಾಕ್ಷ್ಯವನ್ನು ರೋಗಿಯು ಬಾಳಿದ ಊರಿನಲ್ಲಿಯೇ, ಊರವರ ನುಡಿಯಲ್ಲಿಯೇ, ಸಕಾಲದಲ್ಲಿ ಬರೆದಿಡುವುದು ನ್ಯಾಯದ ದಾರಿ. ಮಲೆನಾಡಿನ ಮನೆಮಾತಿನ ಚಿತ್ತವಿಕಾರಶಬ್ದಗಳನ್ನು, ಅವುಗಳಿಂದ ಜನರು ತಿಳಿಯುವ ಚಿಹ್ನೆಗಳೊಡನೆ, ತಾಲ್ಲೂಕು ತಾಲ್ಲೂಕಿಗೂ ಸಂಗ್ರಹಿಸಿ ಅರ್ಥನಿರ್ದೇಶಮಾಡುವ ಕಾರ್ಯವು ಭಾಷಾಪಂಡಿತರ ಪಾಲಿಗೆ ಬಂದುದಾಗಿದೆ. ಅಂತಹ ಕೋಶವು ಸಿದ್ಧವಾದರೆ ಅದು ಗ್ರಂಥಾಲಯಕ್ಕೆ ಎಷ್ಟು ಭೂಷಣವೋ ವೈದ್ಯನ ಮೇಜಿಗೂ ನ್ಯಾಯಾಧೀಶನ ಪೀಠಕ್ಕೂ ಅಷ್ಟೇ ಉಪಯುಕ್ತವಾದೀತು.